ಮೆಟಲ್ ಡಿಟೆಕ್ಟರ್ ಹುಟ್ಟುವ ಮೊದಲೇ ಸುರಪುರದ ನೆಲ ಅಗೆದಿದ್ದ ಮೆಡೋಸ್ ಟೇಲರ್: ಕಲ್ಲುಗೋರಿಗಳಲ್ಲಿ ಸಿಕ್ಕಿದ್ದು ನಿಧಿಯಲ್ಲ, ಮತ್ತೇನು?

ಬೀದರ್ ಅಥವಾ ಕಲಬುರಗಿಯಿಂದ ಹೈದರಾಬಾದ್‌ಗೆ ಬಸ್‌ನಲ್ಲಿ ಹೋಗುವವರಿಗೆ ಪಟಾನ್‌ಚೆರು ಬಂತೆಂದರೆ ನಗರ ಬಂದಂತೆ. ಸಾಲು ಸಾಲು ಫ್ಯಾಕ್ಟರಿ, ಇಕ್ರಿಸ್ಯಾಟ್ ಸಂಸ್ಥೆಯ ವಿಶಾಲ ಹೊಲಗಳು, ಆಮೇಲೆ ಟ್ರಾಫಿಕ್. ಆದರೆ ಈ ಊರಿಗೂ ಕನ್ನಡಕ್ಕೂ ಸಾವಿರ ವರ್ಷದ ನಂಟಿದೆ. ಕಲ್ಯಾಣ ಚಾಲುಕ್ಯರ ದೊರೆ ಇಮ್ಮಡಿ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಳಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಇಲ್ಲಿ ಸಿಕ್ಕ ಜೈನ ಶಿಲ್ಪಗಳು ಇಂದು ಹೈದರಾಬಾದ್‌ನ ಮ್ಯೂಸಿಯಂನಲ್ಲಿವೆ.

ಹಳೇ ರಾಜಧಾನಿ ಇದ್ದ ಕಡೆ ನಿಧಿಯ ಮಾತೂ ಇದ್ದೇ ಇರುತ್ತದೆ. ಮೊದಲು ಅಂಜನ, ಪೂಜೆ, ನಿಂಬೆಹಣ್ಣು ಇತ್ತು. ಈಗ ಜತೆಗೆ ಮೆಟಲ್ ಡಿಟೆಕ್ಟರ್ ಸೇರಿಕೊಂಡಿದೆ. ಯಂತ್ರ ಎಷ್ಟು ಅಡಿ ಆಳದವರೆಗೆ ಹಿಡಿಯುತ್ತೆ, ಯಾವ ಸದ್ದು ಬಂದರೆ ಚಿನ್ನ, ಯಾವ ಸದ್ದು ಬಂದರೆ ಬರೀ ಮೊಳೆ? ಹಳೇ ವಸ್ತು ಹುಡುಕುವವರ ತಲೆಯಲ್ಲಿ ಓಡುವುದು ಇವೇ ಪ್ರಶ್ನೆ.

ಈ ಪ್ರಶ್ನೆಗಳ ನಡುವೆ ನೆನಪಾಗುವ ಹೆಸರು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಪಟಾನ್‌ಚೆರುವಿನಿಂದ ಇದೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹುಮನಾಬಾದ್, ಅಲ್ಲಿಂದ ಕಲಬುರಗಿ, ಭೀಮಾ ನದಿ ದಾಟಿದರೆ ಜೇವರ್ಗಿ, ಮುಂದೆ ಶಹಾಪುರ, ಸುರಪುರ. ಒಂದು ಕಾಲದಲ್ಲಿ ಇದೆಲ್ಲ ನಿಜಾಮರ ಸೀಮೆ. ಸುಮಾರು 170 ವರ್ಷಗಳ ಹಿಂದೆ ಈ ನೆಲವನ್ನು ಟೇಲರ್ ಅಗೆಸಿದರು. ಅವರ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ. ಅಳತೆ ತೆಗೆದು ಬರೆದಿಡುವ ಅಭ್ಯಾಸ ಇತ್ತು.

15ರ ಹುಡುಗ, ದಿವಾಳಿ ಅಂಚಿನ ಮಾಲೀಕ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡ್‌ನ ಲಿವರ್‌ಪೂಲ್‌ನಲ್ಲಿ. 15ನೇ ವಯಸ್ಸಿಗೆ ಮುಂಬೈನ ವರ್ತಕರೊಬ್ಬರ ಬಳಿ ಕೆಲಸಕ್ಕೆಂದು ಹಡಗು ಹತ್ತಿದರು. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬರ ಶಿಫಾರಸಿನಿಂದ 1824ರಲ್ಲಿ ಹೈದರಾಬಾದ್ ನಿಜಾಮರ ಸೇನೆಯಲ್ಲಿ ಕೆಲಸ ಸಿಕ್ಕಿತು. ಅಂದರೆ ಅವರು ಈಸ್ಟ್ ಇಂಡಿಯಾ ಕಂಪನಿಯ ನೌಕರರಾಗಿರಲಿಲ್ಲ, ನಿಜಾಮರ ನೌಕರರು. ಬಡ್ತಿ, ಗೌರವದ ವಿಷಯದಲ್ಲಿ ಈ ವ್ಯತ್ಯಾಸ ಕೊನೆಯವರೆಗೂ ಅವರನ್ನು ಕಾಡಿತು.

ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಇಲ್ಲಿನ ಭಾಷೆಗಳು, ಕಾನೂನು, ಸರ್ವೇ, ಭೂವಿಜ್ಞಾನ ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿತರು. ಹೈದರಾಬಾದ್‌ನ ಹೆಸರಾಂತ ಬ್ಯಾಂಕರ್ ಪಾಮರ್ ಮನೆತನದ ಮೇರಿ ಅವರನ್ನು ಮದುವೆಯಾದರು. ಆಕೆ 1844ರಲ್ಲಿ ತೀರಿಕೊಂಡರು. 1839ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ ಥಗ್ಗರ ಕುರಿತ ಕಾದಂಬರಿ ಟೇಲರ್‌ಗೆ ದೊಡ್ಡ ಹೆಸರು ತಂದಿತು. ಮರುವರ್ಷ ಟಿಪ್ಪು ಸುಲ್ತಾನ್ ಮೇಲೆ ಇನ್ನೊಂದು ಕಾದಂಬರಿ ಬಂತು. ಹಲವರಿಗೆ ಟೇಲರ್ ಗೊತ್ತಿರುವುದು ಇಷ್ಟೇ.

ಸುರಪುರದ 12 ವರ್ಷ

1841ರಲ್ಲಿ ಟೇಲರ್ ಅವರನ್ನು ಸುರಪುರಕ್ಕೆ ಕಳುಹಿಸಲಾಯಿತು. ಬೇಡ ನಾಯಕರ ಸಂಸ್ಥಾನ ಸಾಲ ಮತ್ತು ಅಧಿಕಾರದ ಜಗಳದಲ್ಲಿ ಸಿಕ್ಕಿಬಿದ್ದಿತ್ತು. ರಾಣಿ ಈಶ್ವರಮ್ಮ ಜತೆ ಜಟಾಪಟಿಯೂ ನಡೆಯಿತು. ಬಾಲಕ ವೆಂಕಟಪ್ಪ ನಾಯಕ ದೊಡ್ಡವನಾಗುವವರೆಗೆ, 1853ರ ತನಕ, ಆಡಳಿತ ನೋಡಿಕೊಂಡಿದ್ದು ಟೇಲರ್. ಜಮೀನಿನ ಸರ್ವೇ ಮಾಡಿಸಿದರು, ಬೋನಾಳ ಕೆರೆಯನ್ನು ಅಭಿವೃದ್ಧಿಪಡಿಸಿದರು. ಗುಡ್ಡದ ಮೇಲೆ ಅವರು ಕಟ್ಟಿಸಿಕೊಂಡ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ.

ಸರ್ವೇಗೆಂದು ಊರೂರು ತಿರುಗುವಾಗ ಅವರ ಕಣ್ಣಿಗೆ ಬಿದ್ದಿದ್ದು ಹೊಲಗಳ ನಡುವಿನ ವಿಚಿತ್ರ ಕಲ್ಲುಗಳು. ಎಲ್ಲೋ ವೃತ್ತಾಕಾರದಲ್ಲಿ ನೆಟ್ಟ ಬಂಡೆಗಳು, ಎಲ್ಲೋ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಮನೆಯಂಥ ರಚನೆಗಳು. ಇವನ್ನು ಮೋರ್ಯರ ಮನೆ, ಕುಳ್ಳ ಜನರ ಮನೆ ಎಂದು ಹೇಳುವುದು ನಮ್ಮ ಕಡೆ ಹಳೇ ರೂಢಿ. ರಾಜನ ಕೋಳೂರು, ಜೇವರ್ಗಿ, ಶಹಾಪುರ ಬಳಿಯ ವಿಭೂತಿಹಳ್ಳಿ ಹೀಗೆ ಒಂದೊಂದನ್ನೂ ದಾಖಲಿಸಿದರು. ವಿಭೂತಿಹಳ್ಳಿಯಲ್ಲಿ ಗೋರಿಗಳಿಗಿಂತ ಸಾಲಾಗಿ ಜೋಡಿಸಿದ ಬಂಡೆಗಳೇ ವಿಶೇಷ.

ಮುಂದೆ ಕೆಲವನ್ನು ಅಗೆಸಿದರು. ಇಲ್ಲೇ ಟೇಲರ್ ಬೇರೆಯವರಿಗಿಂತ ಭಿನ್ನವಾಗಿದ್ದು. ಆ ಕಾಲದ ಅನೇಕ ಅಧಿಕಾರಿಗಳು ಗೋರಿ ಒಡೆದು ಚೆಂದದ ಮಡಕೆ ಎತ್ತಿಕೊಂಡು ಹೋಗುತ್ತಿದ್ದರು, ಅಷ್ಟೇ. ಟೇಲರ್ ಮೇಲಿನಿಂದ ಕೆಳಗೆ ಯಾವ ಪದರದಲ್ಲಿ ಯಾವ ಮಣ್ಣು, ಎಷ್ಟು ಆಳದಲ್ಲಿ ಮೂಳೆ, ಮಡಕೆ ಎಲ್ಲಿ, ತಲೆಬುರುಡೆ ಯಾವ ಕಡೆ ಎಂದು ಬರೆದು, ಗೋರಿಯನ್ನು ಸೀಳಿ ನೋಡಿದಂತೆ ಚಿತ್ರ ಬರೆದರು. ಜೇವರ್ಗಿಯಲ್ಲಿ ಕೆಲವು ಅಸ್ಥಿಪಂಜರಗಳ ತಲೆ ದೇಹದಿಂದ ಬೇರೆಯಾಗಿದ್ದುದನ್ನು ಗಮನಿಸಿ, ಇದು ನರಬಲಿ ಇರಬಹುದೇ ಎಂದೂ ಯೋಚಿಸಿದರು. ಸಿಕ್ಕ ಲೋಹ ಮುಖ್ಯವಾಗಿ ಕಬ್ಬಿಣ: ಭರ್ಜಿಯ ಮೊನೆ, ಬಾಣದ ತುದಿ. ಚಿನ್ನದ ಕೊಪ್ಪರಿಗೆ ಸಿಕ್ಕಲಿಲ್ಲ.

ಯಂತ್ರ ಇದ್ದಿದ್ದರೆ ಏನಾಗುತ್ತಿತ್ತು?

ಇದೇ ಗೋರಿಗಳ ಮೇಲೆ ಇಂದಿನ ಮೆಟಲ್ ಡಿಟೆಕ್ಟರ್ ಆಡಿಸಿದ್ದರೆ? ಯಂತ್ರದ ಕಾಯಿಲ್ ನೆಲದೊಳಗೆ ಕಾಂತಕ್ಷೇತ್ರ ಕಳಿಸುತ್ತದೆ. ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟಿ, ಆ ಪ್ರತಿಕ್ರಿಯೆ ಹೆಡ್‌ಫೋನ್‌ನಲ್ಲಿ ಸದ್ದಾಗಿ ಕೇಳುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಕಬ್ಬಿಣಕ್ಕೆ ದಪ್ಪ ದನಿ, ಬೆಳ್ಳಿ ತಾಮ್ರಗಳಿಗೆ ತೆಳ್ಳನೆ ಎತ್ತರದ ದನಿ. ಸಣ್ಣ ಚಿನ್ನದ ತುಂಡು ಇವೆರಡರ ಮಧ್ಯೆ ಬರುತ್ತದೆ, ಸಿಗರೇಟ್ ಪ್ಯಾಕಿನ ಹಾಳೆಯೂ ಅಲ್ಲೇ ಬರುತ್ತದೆ!

ಆಳದ ಮಾತೂ ಹೀಗೇ. ಕೈಯಲ್ಲಿ ಹಿಡಿಯುವ ಸಾಮಾನ್ಯ ಯಂತ್ರಕ್ಕೆ ನಾಣ್ಯದಷ್ಟು ವಸ್ತು ಕೇಳುವುದು ಹೆಚ್ಚೆಂದರೆ ಒಂದು ಅಡಿ ಆಸುಪಾಸು. ವಸ್ತು ದೊಡ್ಡದಿದ್ದರೆ ಇನ್ನಷ್ಟು ಆಳ. ನಮ್ಮ ಎರೆಮಣ್ಣಿನಲ್ಲಿ ಕಬ್ಬಿಣದ ಖನಿಜ ಇರುವುದರಿಂದ ನೆಲವೇ ಸದ್ದು ಮಾಡುತ್ತದೆ. ಅದನ್ನು ತಗ್ಗಿಸಲು ಸೆನ್ಸಿಟಿವಿಟಿ ಇಳಿಸಿದರೆ ಆಳವೂ ಇಳಿಯುತ್ತದೆ. ಟೇಲರ್ ಕಂಡ ಮೂಳೆ ಮಡಕೆಗಳಿದ್ದದ್ದು ಕಲ್ಲು ಮಣ್ಣಿನ ರಾಶಿಯ ಕೆಳಗೆ, ಹಲವು ಅಡಿ ಆಳದಲ್ಲಿ.

ಇನ್ನೊಂದು ತಮಾಷೆ ಇದೆ. ನಿಧಿ ಹುಡುಕುವವರು ಮೊಳೆ, ಲಾಳಗಳ ಕಾಟ ಬೇಡವೆಂದು ಮೊದಲು ಆಫ್ ಮಾಡುವುದು ಕಬ್ಬಿಣದ ದನಿಯನ್ನೇ. ಆದರೆ ಇದು ಕಬ್ಬಿಣ ಯುಗದ ಗೋರಿ, ಕಥೆ ಹೇಳುವ ಲೋಹವೇ ಅದು. ಅದೂ ಪೂರ್ತಿ ತುಕ್ಕಾಗಿದ್ದರೆ ಸಿಗ್ನಲ್ ಇನ್ನೂ ದುರ್ಬಲ. ಇನ್ನು ಮೂಳೆ, ಮಡಕೆ, ಬೂದಿ, ತಲೆಬುರುಡೆ ತಿರುಗಿದ ದಿಕ್ಕು, ಇವಕ್ಕೆ ಯಾವ ಸೆಟ್ಟಿಂಗ್‌ನಲ್ಲೂ ಸದ್ದಿಲ್ಲ. ಟೇಲರ್ ಬರೆದಿಟ್ಟಿದ್ದು ಬಹುಪಾಲು ಇವನ್ನೇ.

ಲೋಹಶೋಧಕದ ಮೊದಲ ಪ್ರಸಿದ್ಧ ಪ್ರಯೋಗ ನಡೆದಿದ್ದು 1881ರಲ್ಲಿ, ಟೇಲರ್ ತೀರಿಕೊಂಡ 5 ವರ್ಷದ ನಂತರ. ಅಮೆರಿಕ ಅಧ್ಯಕ್ಷ ಗಾರ್ಫೀಲ್ಡ್ ದೇಹದಲ್ಲಿದ್ದ ಗುಂಡು ಹುಡುಕಲು ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಇಂಥದ್ದೇ ಸದ್ದಿನ ಯಂತ್ರ ತಂದಿದ್ದರು. ವೈದ್ಯರು ಗುಂಡು ಇದೆ ಎಂದು ನಂಬಿದ್ದ ಬಲಭಾಗದಲ್ಲೇ ಹುಡುಕಾಟ ನಡೆಯಿತು, ಹಾಸಿಗೆಯ ಸ್ಪ್ರಿಂಗ್‌ಗಳೂ ಗೊಂದಲ ಮಾಡಿದವು. ಗುಂಡು ಎಡಭಾಗದಲ್ಲಿತ್ತು.

ತಪ್ಪಾದ ಊಹೆ, ಉಳಿದ ಅಳತೆ

ಟೇಲರ್ ಎಲ್ಲವನ್ನೂ ಸರಿಯಾಗಿ ಹೇಳಿದರು ಅಂತಲ್ಲ. ಯುರೋಪಿನ ಕಲ್ಲುಗೋರಿಗಳನ್ನು ಹೋಲುತ್ತವೆ ಎಂಬ ಕಾರಣಕ್ಕೆ ಇವನ್ನು ಸಿಥಿಯನ್ನರು, ಕೆಲ್ಟರು, ಡ್ರೂಯಿಡ್‌ಗಳ ಜತೆ ತಳುಕು ಹಾಕಿದರು. ಆ ವಾದ ನಿಲ್ಲಲಿಲ್ಲ. ಇವು ದಕ್ಷಿಣ ಭಾರತದ ಕಬ್ಬಿಣ ಯುಗದ ಜನರ ಸಮಾಧಿಗಳು ಎಂದು ಮುಂದೆ ಸ್ಪಷ್ಟವಾಯಿತು. ಊಹೆ ಬಿದ್ದರೂ ಅಳತೆ, ಚಿತ್ರಗಳು ಉಳಿದವು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವೀಲರ್, ಟೇಲರ್ ಬರೆದ ಸೀಳುಚಿತ್ರಗಳನ್ನು ಮೆಚ್ಚಿಕೊಂಡಿದ್ದರು. ಮೆಚ್ಚುಗೆಯ ವಿಷಯದಲ್ಲಿ ವೀಲರ್ ಅಷ್ಟು ಧಾರಾಳಿಯಲ್ಲ.

ಸುರಪುರದ ಬದುಕಿನ ಕೊನೆ ಮಾತ್ರ ಕಹಿ. ಟೇಲರ್ ಕಣ್ಣೆದುರು ಬೆಳೆದ, ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಯಾದರು. ಹೈದರಾಬಾದ್‌ನಲ್ಲಿ ಬಂದಿಯಾಗಿದ್ದ ಅವರನ್ನು ಟೇಲರ್ ಹೋಗಿ ಕಂಡರು. ಶಿಕ್ಷೆ ಕಡಿಮೆಯಾಗಿ ಚೆಂಗಲ್‌ಪಟ್ಟುವಿಗೆ ಕರೆದೊಯ್ಯುವ ದಾರಿಯಲ್ಲಿ ರಾಜ ಗುಂಡೇಟಿನಿಂದ ಸತ್ತರು. ಸಂಸ್ಥಾನವೂ ಹೋಯಿತು.

ಟೇಲರ್ 1860ರಲ್ಲಿ ಭಾರತ ಬಿಟ್ಟರು. ಐರ್ಲೆಂಡ್‌ನಲ್ಲಿ ನೆಲೆಸಿ, ದಖ್ಖನ್ನಿನ ಗೋರಿಗಳ ಬಗ್ಗೆ ಅಲ್ಲಿನ ರಾಯಲ್ ಐರಿಶ್ ಅಕಾಡೆಮಿಗೆ ದೀರ್ಘ ಪ್ರಬಂಧ ಕೊಟ್ಟರು. ತಾರಾ, ಸೀತಾ ಕಾದಂಬರಿಗಳು ಬಂದವು. 1866ರಲ್ಲಿ ಫರ್ಗುಸನ್ ಜತೆ ಸೇರಿ ಧಾರವಾಡ, ಮೈಸೂರು ವಾಸ್ತುಶಿಲ್ಪದ ಪುಸ್ತಕಕ್ಕೂ ಬರೆದರು. ಸಾಲಾರ್ ಜಂಗ್ ಆಹ್ವಾನದ ಮೇಲೆ 1875ರಲ್ಲಿ ಮತ್ತೊಮ್ಮೆ ಹೈದರಾಬಾದ್‌ಗೆ ಬಂದು, ಆರೋಗ್ಯ ಕೆಟ್ಟು ಹಿಂದಿರುಗುವಾಗ 1876ರ ಮೇ 13ರಂದು ಫ್ರಾನ್ಸ್‌ನ ಮೆಂಟನ್‌ನಲ್ಲಿ ನಿಧನರಾದರು.

ಅವರು ಸತ್ತ 2 ವರ್ಷಕ್ಕೆ, 1878ರಲ್ಲಿ, ನಿಧಿ ಕಾಯ್ದೆ ಬಂತು. 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಲೇಬೇಕು ಎಂಬ ಆ ನಿಯಮವೇ ಇವತ್ತಿಗೂ ನಿಧಿ ಪ್ರಕರಣಗಳಲ್ಲಿ ಕಾಣಿಸಿಕೊಳ್ಳುತ್ತದೆ. 1941ರಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಟೇಲರ್ ಅವರ ಗೋರಿ ಪ್ರಬಂಧಗಳನ್ನು ಒಟ್ಟುಗೂಡಿಸಿ ಪುಸ್ತಕವಾಗಿ ತಂದಿತು. ಅವರು ಅಗೆಸಿದ ಜೇವರ್ಗಿಯ ಗೋರಿಗಳಲ್ಲಿ ಯಾವ ಮೂಳೆ ಎಷ್ಟು ಆಳದಲ್ಲಿತ್ತು ಎಂದು ಈಗ ತಿಳಿಯಬೇಕಾದರೆ ಆ ಪುಟಗಳನ್ನೇ ತೆರೆಯಬೇಕು.