ಕೂದಲಿನ ಬ್ಲೀಚ್ ಜೀನ್ ಹಾರ್ಲೋ ಜೀವ ತೆಗೆಯಿತೇ?

ಹಾಲಿವುಡ್ ನಟಿ ಜೀನ್ ಹಾರ್ಲೋ 1937ರ ಜೂನ್ 7ರಂದು ತೀರಿಕೊಂಡಾಗ ಆಕೆಗೆ ಬರೀ 26 ವರ್ಷ. ಬೆಳ್ಳಿಯಂತೆ ಹೊಳೆಯುವ ಕೂದಲಿನಿಂದಲೇ ಲೋಕಕ್ಕೆಲ್ಲ ಪರಿಚಯವಾಗಿದ್ದವಳು. ಹಾಗಾಗಿ ಆಕೆಯ ಸಾವಿಗೂ ಜನ ಕೂದಲನ್ನೇ ಕಾರಣ ಮಾಡಿದರು. ತಲೆಗೆ ಹಚ್ಚುತ್ತಿದ್ದ ಬ್ಲೀಚ್ ನೆತ್ತಿಯಿಂದ ಒಳಗಿಳಿದು ಮೈಯೆಲ್ಲ ವಿಷವಾಯಿತಂತೆ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ನಮ್ಮಲ್ಲಿಯೂ ಈ ಅಂಜಿಕೆ ಇದೆ. ಸಾಯಗಾಂವದ ಹುಡುಗನೊಬ್ಬ ಭಾಲ್ಕಿಗೆ ಹೋಗಿ ಕೂದಲಿಗೆ ಚಿನ್ನದ ಬಣ್ಣ ಹಾಕಿಸಿಕೊಂಡು ಬಂದರೆ, ಕಣ್ಣು ಹೋಗುತ್ತವೆ, ಕಿಡ್ನಿ ಹೋಗುತ್ತವೆ ಎಂದು ಮನೆಯ ಹಿರಿಯರು ಬೈಯದೆ ಬಿಡುವುದಿಲ್ಲ. ಹಿರಿಯರ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಲು ಹಾರ್ಲೋ ಬದುಕನ್ನೇ ಒಮ್ಮೆ ನೋಡೋಣ.

ಆಕೆ ಹುಟ್ಟಿದ್ದು 1911ರ ಮಾರ್ಚ್ 3ರಂದು, ಅಮೆರಿಕದ ಕಾನ್ಸಸ್ ಸಿಟಿಯಲ್ಲಿ. ತಂದೆ ದಂತವೈದ್ಯ. ಹುಟ್ಟು ಹೆಸರು ಹಾರ್ಲೀನ್ ಕಾರ್ಪೆಂಟರ್. ಜೀನ್ ಹಾರ್ಲೋ ಎಂಬುದು ನಿಜಕ್ಕೂ ಆಕೆಯ ತಾಯಿಯ ತವರಿನ ಹೆಸರು. ತಾಯಿಗೆ ನಟಿಯಾಗುವ ಆಸೆಯಿತ್ತು, ಕೈಗೂಡಲಿಲ್ಲ. ಮಗಳಿಗೆ ಆ ಆಸೆ ಅಷ್ಟಾಗಿ ಇರಲಿಲ್ಲ, ಆದರೆ ಅವಕಾಶ ಬಂದದ್ದು ಮಗಳಿಗೆ. 16ಕ್ಕೆ ಮದುವೆಯಾಗಿ ಲಾಸ್ ಏಂಜಲಿಸ್‌ಗೆ ಬಂದವಳು, ಗೆಳತಿಯೊಬ್ಬಳನ್ನು ಕಾರಿನಲ್ಲಿ ಸ್ಟುಡಿಯೋಗೆ ಬಿಡಲು ಹೋದಾಗ ಅಲ್ಲಿಯವರ ಕಣ್ಣಿಗೆ ಬಿದ್ದಳು. ತಾಯಿಯ ಹೆಸರು ಬರೆಸಿ ಚಿತ್ರರಂಗಕ್ಕೆ ಕಾಲಿಟ್ಟಳು.

ಈ ಕಥೆಯಲ್ಲಿ ನಾವು ಗಮನವಿಡಬೇಕಾದ ಸಂಗತಿ ಬೇರೆಯೇ ಇದೆ, ಅದರಲ್ಲಿ ಸಿನಿಮಾ ಇಲ್ಲ. ಸುಮಾರು 15ರ ವಯಸ್ಸಿನಲ್ಲಿ, ಬೇಸಿಗೆ ಶಿಬಿರಕ್ಕೆ ಹೋಗಿದ್ದಾಗ, ಆಕೆಗೆ ಸ್ಕಾರ್ಲೆಟ್ ಜ್ವರ ಬಂದಿತ್ತು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಜ್ವರ ಇದು. ಆಗಿನ್ನೂ ಪೆನಿಸಿಲಿನ್ ಔಷಧವಾಗಿ ಬಂದಿರಲಿಲ್ಲ. ಜ್ವರ ಇಳಿಯಿತು, ಹುಡುಗಿ ಮನೆಗೆ ಬಂದಳು.

1930ರಲ್ಲಿ ಹೊವಾರ್ಡ್ ಹ್ಯೂಸ್ ತೆಗೆದ 'ಹೆಲ್ಸ್ ಏಂಜಲ್ಸ್' ಆಕೆಯನ್ನು ತಾರೆಯಾಗಿಸಿತು. ಮರುವರ್ಷ ಬಂದ ಚಿತ್ರಕ್ಕೆ ಬೇರೆ ಹೆಸರಿತ್ತು, ಆಕೆಯ ಕೂದಲಿನ ಪ್ರಚಾರಕ್ಕಾಗಿಯೇ ಅದನ್ನು 'ಪ್ಲಾಟಿನಮ್ ಬ್ಲಾಂಡ್' ಎಂದು ಬದಲಿಸಿದರು. ಅದೇ ಬಣ್ಣ ಬರಿಸುವ ಕೇಶ ವಿನ್ಯಾಸಕರಿಗೆ 10,000 ಡಾಲರ್ ಬಹುಮಾನ ಎಂದು ಹ್ಯೂಸ್ ಕಡೆಯವರು ಸಾರಿದರು. ಹೆಂಗಸರು ಪೆರಾಕ್ಸೈಡ್ ಬಾಟಲಿಗಳಿಗೆ ಮುಗಿಬಿದ್ದರು. ತನ್ನ ಬಣ್ಣ ಹುಟ್ಟಿನಿಂದ ಬಂದದ್ದು ಎಂದೇ ಹಾರ್ಲೋ ಹೇಳಿಕೊಂಡಿದ್ದಳು. ಆದರೆ ಆಕೆಯ ಕೇಶ ವಿನ್ಯಾಸಕ ನಂತರ ಗುಟ್ಟು ಬಿಟ್ಟುಕೊಟ್ಟ: ಪೆರಾಕ್ಸೈಡ್, ಅಮೋನಿಯಾ, ಬಟ್ಟೆ ಬಿಳುಪು ಮಾಡುವ ಕ್ಲೋರಾಕ್ಸ್, ಜೊತೆಗೆ ಲಕ್ಸ್ ಸೋಪಿನ ಪುಡಿ. ಇಷ್ಟನ್ನೂ ಕಲಸಿ ಬಹುತೇಕ ವಾರಕ್ಕೊಮ್ಮೆ ಹಚ್ಚುತ್ತಿದ್ದರಂತೆ.

ಈ ಮಿಶ್ರಣ ಓದಿದರೇ ನಮಗೆ ಕಣ್ಣು ಉರಿಯುತ್ತದೆ. ಅಮೋನಿಯಾ ಕೂದಲಿನ ಹೊರಪದರದ ಹೆಂಚಿನಂಥ ಪೊರೆಗಳನ್ನು ಉಬ್ಬಿಸಿ ತೆರೆಯುತ್ತದೆ. ಪೆರಾಕ್ಸೈಡ್ ಒಳಗೆ ಹೋಗಿ ಮೆಲನಿನ್ ಎಂಬ ಬಣ್ಣದ ಕಣಗಳನ್ನು ಒಡೆಯುತ್ತದೆ. ಕೆಲಸ ಮುಗಿದ ಮೇಲೆ ಪೆರಾಕ್ಸೈಡ್ ಉಳಿಯುವುದು ನೀರು ಮತ್ತು ಆಮ್ಲಜನಕವಾಗಿ, ಅದು ಮೂತ್ರಪಿಂಡದವರೆಗೆ ಪಯಣ ಮಾಡುವುದಿಲ್ಲ. ನಿಜವಾದ ಅಪಾಯ ಇದ್ದದ್ದು ಬಟ್ಟೆಯ ಬ್ಲೀಚ್ ಮತ್ತು ಅಮೋನಿಯಾ ಕೂಡಿದಲ್ಲಿ. ಇವೆರಡು ಸೇರಿದರೆ ಕ್ಲೋರಮೀನ್ ಅನಿಲ ಏಳುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಆಗಲೇ, ಅಲ್ಲಿಯೇ ಸುಡುತ್ತದೆ. ವರ್ಷಗಟ್ಟಲೆ ಮೈಯಲ್ಲಿ ಅಡಗಿ ಕೂತು ಒಂದು ದಿನ ಕೊಲ್ಲುವ ವಿಷ ಅದಲ್ಲ. ಹಾಗೆಂದು ಯಾರೂ ಮನೆಯಲ್ಲಿ ಇದನ್ನು ಮಾಡಿ ನೋಡಬಾರದು. ಬಚ್ಚಲು ತೊಳೆಯುವಾಗಲೂ ಬ್ಲೀಚಿಂಗ್ ಪೌಡರಿಗೆ ಅಮೋನಿಯಾ ಆಗಲಿ ಆಸಿಡ್ ಆಗಲಿ ಬೆರೆಸುವಂತಿಲ್ಲ.

ಬ್ಲೀಚ್ ನಿಜವಾಗಿ ಕೆಡಿಸುವುದು ಕೂದಲನ್ನೇ. ಕೂದಲಿಗೆ ಗಟ್ಟಿತನ ಕೊಡುವ ಗಂಧಕದ ಬಂಧಗಳು ಕಡಿಯುತ್ತವೆ, ಮೇಲ್ಮೈಯ ತೆಳ್ಳನೆಯ ಜಿಡ್ಡಿನ ಪದರ ಹೋಗಿ ಕೂದಲು ನೀರು ಹೀರಿಕೊಂಡು ಸಿಕ್ಕುಗಟ್ಟುತ್ತದೆ. ಹಾರ್ಲೋಗೆ ಆದದ್ದೂ ಇದೇ. ಕೂದಲು ತುಂಡು ತುಂಡಾಗಿ ಮುರಿಯತೊಡಗಿ, 1930ರ ದಶಕದ ನಡುವಿಗೆ ಆಕೆ ವಿಗ್ ಹಾಕಿ ನಟಿಸಬೇಕಾಯಿತು, ಬಣ್ಣವನ್ನೂ ಕಂದು ಕಡೆಗೆ ತಿರುಗಿಸಿದಳು. ಕೂದಲು ಉದುರಿತು ಎಂದು ನಾವು ಹೇಳುವುದು ಎಷ್ಟೋ ಸಲ ಬೇರಿನಿಂದ ಉದುರುವುದಲ್ಲ, ನಡುವೆ ಮುರಿಯುವುದು. ಬೇರು ಚರ್ಮದ ಒಳಗೆ ಇರುತ್ತದೆ. ನೆತ್ತಿ ಸುಟ್ಟು ಗಾಯವಾಗದಿದ್ದರೆ ಅಲ್ಲಿಂದ ಹೊಸ ಕೂದಲು ಬರುತ್ತದೆ.

ಹಾರ್ಲೋ ಕೂದಲು ಗಿಡ್ಡ. ನಮ್ಮ ಹೆಣ್ಣುಮಕ್ಕಳ ಸೊಂಟದುದ್ದದ ದಪ್ಪ ಹೆರಳಿಗೆ ಇದೇ ಬಣ್ಣ ಬೇಕೆಂದರೆ ಕಷ್ಟ ಹೆಚ್ಚು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ 5 ವರ್ಷ ವಯಸ್ಸಾಗಿರುತ್ತದೆ, ಬಿಸಿಲು, ಹಣಿಗೆ, ಹಗ್ಗದಂತೆ ಬಿಗಿದ ರಿಬ್ಬನ್ನು ಎಲ್ಲ ಕಂಡಿರುತ್ತದೆ. ಕಪ್ಪು ಕೂದಲು ನೇರ ಹಳದಿಯಾಗುವುದೂ ಇಲ್ಲ, ಮೊದಲು ಕೆಂಪುಗಂದು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಒಂದೇ ದಿನ ಮೂರು ಸಲ ಬ್ಲೀಚ್ ಹಾಕಿಸುವುದಕ್ಕಿಂತ ವಾರಗಳ ಅಂತರ ಬಿಡುವುದು ಲೇಸು. ಮುಂದಿನ ಸಲ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿಸಬೇಕು, ಈಗಾಗಲೇ ಹಳದಿಯಾದ ತುದಿಗಲ್ಲ. ತಲೆ ತೊಳೆಯುವ ಮೊದಲು ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಅಜ್ಜಿಯರ ರೂಢಿ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಏಕೆಂದರೆ ಈ ಎಣ್ಣೆ ಕೂದಲಿನ ಒಳಗೂ ಇಳಿದು ತೊಳೆಯುವಾಗ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. ತೊಳೆದ ಮೇಲೆ ಕಂಡೀಷನರ್, ಆಮೇಲೆ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಒದ್ದೆ ಕೂದಲಿಗೆ ಬಿಗಿ ಹೆರಳು ಬೇಡ, ಬಿಸಿ ಇಸ್ತ್ರಿಯಂತೂ ಬೇಡವೇ ಬೇಡ.

ಮತ್ತೆ ಹಾರ್ಲೋ ಕಡೆಗೆ. 1937ರ ವಸಂತದಲ್ಲಿ ಬುದ್ಧಿಹಲ್ಲು ಕೀಳಿಸಿದ ಮೇಲೆ ಆಕೆಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದ್ದಳು. ಮೇ 29ರಂದು 'ಸಾರಟೋಗಾ' ಚಿತ್ರೀಕರಣದಲ್ಲಿ ನಿಲ್ಲಲಾರದೆ ಕುಸಿದಳು. ವಾಕರಿಕೆ, ಹೊಟ್ಟೆನೋವು, ಮೈಬಾವು. ಮೊದಲು ನೋಡಿದ ವೈದ್ಯರು ಫ್ಲೂ ಎಂದರು, ಪಿತ್ತಕೋಶದ ಉರಿಯೂತ ಎಂದರು. ನೋಡಲು ಬಂದವರಿಗೆ ಆಕೆಯ ಉಸಿರಿನಲ್ಲಿ ಮೂತ್ರದ ವಾಸನೆ ಬಂದಿತು. ಇದು ಮೂತ್ರಪಿಂಡ ಸೋತಾಗ ರಕ್ತದಲ್ಲಿ ಸೇರುವ ಯೂರಿಯಾ ಬಾಯಲ್ಲಿ ಅಮೋನಿಯಾ ಆಗುವುದರ ಗುರುತು, ತಲೆಗೆ ಹಚ್ಚಿದ ಅಮೋನಿಯಾದ್ದಲ್ಲ. ಎರಡನೆಯ ವೈದ್ಯರು ಬಂದು ಸರಿಯಾದ ಕಾರಣ ಹಿಡಿಯುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ತನ್ನ ಧರ್ಮದ ಕಾರಣಕ್ಕೆ ವೈದ್ಯರನ್ನೇ ಕರೆಸಲಿಲ್ಲ ಎಂಬ ಇನ್ನೊಂದು ಕಥೆಯೂ ಸುಳ್ಳು. ಮನೆಯಲ್ಲಿ ವೈದ್ಯರೂ ದಾದಿಯರೂ ಇದ್ದರು.

ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದದ್ದು ಆ 15ರ ವಯಸ್ಸಿನ ಜ್ವರದಿಂದ ಎಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ, ವೈದ್ಯಶಾಸ್ತ್ರಕ್ಕೂ ಅದು ಹೊಂದುತ್ತದೆ. ಸ್ಟ್ರೆಪ್ಟೊಕಾಕಸ್ ವಿರುದ್ಧ ದೇಹ ಹೂಡುವ ಕಾದಾಟದಲ್ಲಿ ಮೂತ್ರಪಿಂಡದ ಸೋಸುವ ಜಾಲರಿಗೇ ಗಾಯವಾಗುವುದುಂಟು. ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ, ಕೆಲವರಲ್ಲಿ ಗಾಯ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹಾಗಾಗಿ ಮಗುವಿನ ಗಂಟಲುನೋವಿನ ಜ್ವರ ಇಳಿದ ಎರಡು ಮೂರು ವಾರಕ್ಕೆ ಮುಖ ಊದಿಕೊಂಡರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ದವಾಖಾನೆಗೆ ಕರೆದೊಯ್ಯಲೇಬೇಕು. ಹಾರ್ಲೋಗೆ ಡಯಾಲಿಸಿಸ್ ಸಿಗುವಂತಿರಲಿಲ್ಲ. ನೆದರ್ಲೆಂಡ್ಸಿನ ವಿಲ್ಲೆಮ್ ಕೋಲ್ಫ್ ಮನುಷ್ಯರ ಮೇಲೆ ಆ ಯಂತ್ರ ಬಳಸಿದ್ದು 1943ರಲ್ಲಿ.

ಹಾಗಾದರೆ ಕೂದಲಿಗೆ ಹಚ್ಚುವ ಯಾವುದೂ ಕಿಡ್ನಿ ಮುಟ್ಟುವುದಿಲ್ಲವೇ? ಮುಟ್ಟುವುದುಂಟು, ಆದರೆ ಜನ ಅಂಜುವ ಕಡೆ ಅಲ್ಲ. ಪಿಪಿಡಿ ಇರುವ ಕಪ್ಪು ಹೇರ್ ಡೈಯನ್ನು ಯಾರಾದರೂ ಕುಡಿದರೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಸ್ನಾಯುಗಳು ಕರಗಿ ಮೂತ್ರಪಿಂಡಗಳು ನಿಲ್ಲುತ್ತವೆ. ದಕ್ಷಿಣ ಭಾರತದ ಆಸ್ಪತ್ರೆಗಳು ಇಂಥ ಎಷ್ಟೋ ಪ್ರಕರಣ ಕಂಡಿವೆ. ಮಕ್ಕಳ ಕೈಗೆ ಸಿಗದಂತೆ ಇಡಬೇಕಾದ ಬಾಟಲಿ ಅದು. ಇನ್ನೊಂದು, ಗ್ಲೈಯಾಕ್ಸಿಲಿಕ್ ಆಮ್ಲವಿರುವ ಕೂದಲು ನೇರ ಮಾಡುವ ಕ್ರೀಮು. ಇದನ್ನು ಹಾಕಿಸಿಕೊಂಡ ಪ್ರತಿ ಸಲವೂ ಮೂತ್ರಪಿಂಡ ಕೆಟ್ಟ ಯುವತಿಯೊಬ್ಬಳ ಪ್ರಕರಣವನ್ನು 2024ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದರು. ಆ ಆಮ್ಲ ನೆತ್ತಿಯ ಚರ್ಮದಿಂದ ಇಳಿದು ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳಾಗುತ್ತದೆ. ಮದುವೆಗೆ ಮುಂಚೆ ಪಾರ್ಲರಿನಲ್ಲಿ ಸ್ಮೂದನಿಂಗ್ ಮಾಡಿಸುವವರು ಕ್ರೀಮಿನ ಡಬ್ಬಿ ಕೈಗೆ ತೆಗೆದುಕೊಂಡು, ಈ ಹೆಸರು ಅದರ ಮೇಲೆ ಇದೆಯೇ ಎಂದು ಓದಿ ನೋಡಬೇಕು.