ಬೆಳ್ಳಿಮೋಡದ ಇಂದಿರೆ, ಶರಪಂಜರದ ಕಾವೇರಿ: ಕಲ್ಪನಾ ಬಿಟ್ಟುಹೋದ ಮುಖಗಳು

ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ವಕೀಲರ ಮಗಳು ಬಿ.ಎನ್. ಸುಬ್ಬಮ್ಮ ‘ವಾಣಿ’ ಎಂಬ ಹೆಸರಿನಲ್ಲಿ ಬರೆದ ಒಂದು ಕಾದಂಬರಿ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮೂಲದ ಮನೆತನಕ್ಕೆ ಸೇರಿದ, ಬಿ.ಎಂ. ಶ್ರೀಕಂಠಯ್ಯನವರ ತಮ್ಮನ ಮಗಳು ‘ತ್ರಿವೇಣಿ’ ಬರೆದ ಮೂರು ಕಾದಂಬರಿಗಳು. ಈ ನಾಲ್ಕೂ ಚಲನಚಿತ್ರಗಳಾದಾಗ ಅವುಗಳ ಕೇಂದ್ರದಲ್ಲಿ ನಿಂತ ನಟಿ ಒಬ್ಬರೇ. ಕಲ್ಪನಾ ಕರಾವಳಿಯವರು. ಆದರೆ ಅವರು ಯಾವ ಹೆಣ್ಣುಗಳಾಗಿ ಇಂದಿಗೂ ನೆನಪಿನಲ್ಲಿ ಉಳಿದಿದ್ದಾರೋ ಆ ಹೆಣ್ಣುಗಳಲ್ಲಿ ಹೆಚ್ಚಿನವರು ಮಂಡ್ಯ ಸೀಮೆಗೆ ನೆಂಟಸ್ತಿಕೆಯುಳ್ಳ ಲೇಖನಿಗಳಿಂದ ಬಂದವರು.

1943ರ ಜುಲೈ 18ರಂದು ಅಂದಿನ ದಕ್ಷಿಣ ಕನ್ನಡದಲ್ಲಿ ಜನಿಸಿದ ಅವರಿಗೆ ತಂದೆ ಕೃಷ್ಣಮೂರ್ತಿ, ತಾಯಿ ಜಾನಕಮ್ಮ ಇಟ್ಟ ಹೆಸರು ಶರತ್ ಲತಾ. ಅವಕಾಶ ಅರಸಿ ಹೊರಟ ಈ ಯುವತಿಯನ್ನು ಹಾಸ್ಯನಟ ನರಸಿಂಹರಾಜು ಅವರು ನಿರ್ದೇಶಕ ಬಿ.ಆರ್. ಪಂತುಲು ಅವರಿಗೆ ಪರಿಚಯಿಸಿದರು. 1963ರಲ್ಲಿ ತೆರೆಕಂಡ ‘ಸಾಕು ಮಗಳು’ ಅವರ ಮೊದಲ ಚಿತ್ರ. ಮರುವರ್ಷವೇ ಪಂತುಲು ತಮ್ಮ ‘ಚಿನ್ನದ ಗೊಂಬೆ’ಯ ಮೂಲಕ ಮತ್ತೊಬ್ಬ ತರುಣಿಯನ್ನು ಕನ್ನಡದ ನಾಯಕಿಯಾಗಿಸಿದರು. ಆಕೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಜಯಲಲಿತಾ. ಒಬ್ಬ ನಿರ್ದೇಶಕ ವರ್ಷದ ಅಂತರದಲ್ಲಿ ತಂದ ಈ ಇಬ್ಬರ ದಾರಿಗಳು ಎಷ್ಟು ದೂರ ಸರಿದವು ಎಂಬುದು ಬೇರೆಯೇ ಕತೆ. ಒಬ್ಬರು ಮದರಾಸಿನಲ್ಲಿ ನೆಲೆನಿಂತು ರಾಜ್ಯವಾಳಿದರು. ಇನ್ನೊಬ್ಬರು 1966ರ ‘ಮದ್ರಾಸ್ ಟು ಪಾಂಡಿಚೇರಿ’ಯಂಥ ತಮಿಳು ಚಿತ್ರದಲ್ಲಿ ನಾಯಕಿಯಾದರೂ ಕನ್ನಡಕ್ಕೇ ಮರಳಿದರು.

ಅದೇ 1963 ಕನ್ನಡ ಕಾದಂಬರಿಗೆ ಕೆಟ್ಟ ವರ್ಷ. ಜುಲೈ 29ರಂದು ತ್ರಿವೇಣಿ ತೀರಿಕೊಂಡರು. ಅವರಿಗೆ ಆಗ 34 ವರ್ಷ ವಯಸ್ಸು. ಮನಶ್ಶಾಸ್ತ್ರ ಓದಿದ್ದ, ಹೆಣ್ಣಿನ ಮನಸ್ಸಿನ ಒಳಗೋಣೆಗಳನ್ನು ಸಂಕೋಚವಿಲ್ಲದೆ ತೆರೆದು ತೋರಿಸಿದ ಈ ಲೇಖಕಿ ತಮ್ಮ ಕತೆಗಳು ತೆರೆಯ ಮೇಲೆ ಬಂದದ್ದನ್ನು ಕಾಣಲಿಲ್ಲ. ಅವರ ಇಂದಿರೆ, ಅವರ ಕಾವೇರಿ ಯಾವ ಮುಖ ತೊಟ್ಟು ಮನೆಮಾತಾದರು ಎಂಬುದು ಅವರಿಗೆ ತಿಳಿಯಲೇ ಇಲ್ಲ. ಬರೆದವರು ಹೋದ ವರ್ಷವೇ ಅಭಿನಯಿಸಬೇಕಾದವರು ಬಂದರು.

ನಾಲ್ಕು ವರ್ಷಗಳ ನಂತರ, 1967ರಲ್ಲಿ, ‘ಬೆಳ್ಳಿಮೋಡ’ ಬಂತು. ಅದು ಪುಟ್ಟಣ್ಣ ಕಣಗಾಲ್ ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಮಲೆನಾಡಿನ ಎಸ್ಟೇಟ್ ಒಡೆಯರ ಏಕೈಕ ಪುತ್ರಿ ಇಂದಿರೆ. ಆಕೆಯನ್ನು ವರಿಸಬೇಕಾದವನು ಭಾವೀ ಮಾವನ ಹಣದಲ್ಲಿ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ. ಆಸ್ತಿ ಕೈತಪ್ಪಿತೆಂದು ಅರಿತವನ ಪ್ರೀತಿ ಆರಿಹೋಗುತ್ತದೆ. ಮುಂದೆ ಅವನು ಕಾಲು ಮುರಿದುಕೊಂಡು ಮಲಗಿದಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಮತ್ತೆ ಅವಳತ್ತ ತಿರುಗುತ್ತದೆ. ಅವಳು ಒಪ್ಪುವುದಿಲ್ಲ. ನಾಯಕಿ ಅತ್ತು ಕ್ಷಮಿಸುವುದು ರೂಢಿಯಾಗಿದ್ದ ಕಾಲದಲ್ಲಿ ಈ ನಿರಾಕರಣೆ ಸಣ್ಣ ಸಂಗತಿಯಾಗಿರಲಿಲ್ಲ. ಕಲ್ಪನಾ ಅದನ್ನು ಅಬ್ಬರವಿಲ್ಲದೆ ಮಾಡಿ ತೋರಿಸಿದರು.

ಮುಂದಿನ ವರ್ಷ ಎಂ.ಆರ್. ವಿಠಲ್ ನಿರ್ದೇಶನದ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ವಿಧವಾ ವಿವಾಹದ ವಸ್ತು, 1971ರಲ್ಲಿ ಪುಟ್ಟಣ್ಣನವರ ‘ಶರಪಂಜರ’. ಇವೆರಡೂ ತ್ರಿವೇಣಿಯವರವೇ. ರಾಜ್ಯ ಸರ್ಕಾರದ ಅತ್ಯುತ್ತಮ ನಟಿ ಪ್ರಶಸ್ತಿ ಕಲ್ಪನಾ ಅವರಿಗೆ ಮೂರು ಬಾರಿ ಬಂತು. ಆ ಮೂರು ಚಿತ್ರಗಳೂ ಇವೇ. ನಡುವೆ 1969ರ ‘ಗೆಜ್ಜೆಪೂಜೆ’ ಇದೆ. ಎಂ.ಕೆ. ಇಂದಿರಾ ಅವರ ಕೃತಿಯನ್ನು ಆಧರಿಸಿದ ಆ ಚಿತ್ರದ ಚಂದ್ರೆಗೆ ಪ್ರಶಸ್ತಿ ಬಾರದಿದ್ದರೂ ಅದೇ ಅವರ ಅತ್ಯುತ್ತಮ ಪಾತ್ರವೆಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ. ಕುಲದ ಕಟ್ಟಿನಿಂದ ಬಿಡಿಸಿಕೊಂಡು ಓದಿ ಸಂಸಾರಸ್ಥಳಾಗಬೇಕೆಂಬ ಹುಡುಗಿಯ ಆಸೆ ಹಂತ ಹಂತವಾಗಿ ಕಮರುವುದನ್ನು ಅವರು ಕಣ್ಣಿನಲ್ಲೇ ತಂದಿದ್ದಾರೆ.

ಈ ಚಿತ್ರಗಳು ಮೊದಲು ಕೆ.ಆರ್. ಪೇಟೆ, ನಾಗಮಂಗಲದಂಥ ಊರುಗಳ ಜನರಿಗೆ ದೊರೆತದ್ದು ಚಿತ್ರಮಂದಿರ ಮತ್ತು ಟೆಂಟುಗಳಲ್ಲಿ. ಬೆಂಗಳೂರು, ಮೈಸೂರುಗಳಲ್ಲಿ ಓಡಿ ಸವೆದ ಪ್ರತಿಗಳು ತಾಲ್ಲೂಕು ಕೇಂದ್ರಗಳಿಗೆ ಬರುವಷ್ಟರಲ್ಲಿ ತೆರೆಯ ಮೇಲೆ ಮಳೆ ಸುರಿಯುತ್ತಿರುತ್ತಿತ್ತು. ಕಲ್ಪನಾ ಬದುಕಿದ್ದಷ್ಟು ಕಾಲ ಅವರ ಚಿತ್ರವನ್ನು ಎರಡನೆಯ ಸಲ ನೋಡುವುದೆಂದರೆ ಮತ್ತೊಂದು ಟಿಕೇಟು ಕೊಳ್ಳುವುದು, ಇಲ್ಲವೇ ಮರುಬಿಡುಗಡೆಗಾಗಿ ಕಾಯುವುದು.

ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ವಿಡಿಯೊ ಬಂತು. 1980ರ ದಶಕದಲ್ಲಿ ಹಬ್ಬಕ್ಕೋ ಮದುವೆಯ ಮರುದಿನಕ್ಕೋ ಟಿ.ವಿ. ಮತ್ತು ವಿ.ಸಿ.ಆರ್. ಬಾಡಿಗೆಗೆ ತಂದು, ಹಗಲು ಮೂಡುವತನಕ ಎರಡು ಮೂರು ಚಿತ್ರ ನೋಡುವ ರೂಢಿ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲೂ ಹಬ್ಬಿತು. ಹೊಡೆದಾಟದ ಚಿತ್ರ ಗಂಡಸರ ಆಯ್ಕೆಯಾದರೆ ಹೆಂಗಸರು ಹಟ ಹಿಡಿದು ತರಿಸುತ್ತಿದ್ದುದು ಇಂಥ ಸಾಂಸಾರಿಕ ಚಿತ್ರಗಳನ್ನು. ಆಮೇಲೆ ವಿ.ಸಿ.ಡಿ. ಕಾಲ. ಬಸ್ ನಿಲ್ದಾಣದ ಪಕ್ಕದ ಅಂಗಡಿಗಳಲ್ಲಿ ಭಕ್ತಿಗೀತೆಗಳ ಕ್ಯಾಸೆಟ್ಟಿನ ಜೊತೆಯಲ್ಲೇ ‘ಎರಡು ಕನಸು’, ‘ಗಂಧದ ಗುಡಿ’, ‘ಬಯಲು ದಾರಿ’ ತೂಗಾಡಿದವು. ಒಂದು ತಟ್ಟೆಯಲ್ಲಿ ಸುಮಾರು 75–80 ನಿಮಿಷ ಮಾತ್ರ ಹಿಡಿಯುತ್ತಿದ್ದುದರಿಂದ ಚಿತ್ರವೊಂದು ಎರಡು ಮೂರು ತುಂಡಾಗಿ ಬರುತ್ತಿತ್ತು. ಒಮ್ಮೊಮ್ಮೆ ಮಾತಿನ ನಡುವೆಯೇ ತಟ್ಟೆ ಮುಗಿದು, ಎದ್ದು ಇನ್ನೊಂದನ್ನು ಹಾಕಬೇಕಾಗುತ್ತಿತ್ತು.

ವಿ.ಸಿ.ಡಿ.ಯಲ್ಲಿ ಚಿತ್ರದ ಸ್ಪಷ್ಟತೆ ಬಲು ಕಡಿಮೆ. 35 ಮಿಲಿಮೀಟರ್ ಫಿಲಂ ಹಿಡಿದಿಟ್ಟಿದ್ದ ಬೆಳಕು ನೆರಳಿನ ಸೂಕ್ಷ್ಮಗಳೆಲ್ಲ ಬೂದುಬಣ್ಣದ ಚೌಕಗಳಾಗಿ ಒಡೆದುಹೋಗುತ್ತವೆ. ‘ಬೆಳ್ಳಿಮೋಡ’ದ ಕಪ್ಪು ಬಿಳುಪಿಗೆ ಆದ ಅನ್ಯಾಯ ಅಷ್ಟಿಷ್ಟಲ್ಲ. ಆದರೂ ಉಳಿಯುವಂಥದು ಒಂದಿದೆ, ಕಲ್ಪನಾ ಅವರ ಧ್ವನಿ. ಪದಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಇಡುವ, ವಾಕ್ಯದ ಕೊನೆಯಲ್ಲಿ ಸ್ವಲ್ಪ ನಡುಗುವ ಆ ಮಾತಿನ ಧಾಟಿ ಎಂಥ ಕೆಟ್ಟ ಪ್ರತಿಯಲ್ಲೂ ಗುರುತು ಸಿಗುತ್ತದೆ. ಅಡುಗೆಮನೆಯಲ್ಲಿದ್ದವರು ಮುಖ ನೋಡದೆಯೇ ತೆರೆಯ ಮೇಲೆ ಯಾರಿದ್ದಾರೆಂದು ಹೇಳಬಲ್ಲರು.

ಮನೆಯಲ್ಲಿ ಚಿತ್ರ ನೋಡುವವರಿಗೆ ಕಾಲಕ್ರಮದ ಹಂಗಿಲ್ಲ. ಸಂಜೆ 1976ರ ‘ಬಯಲು ದಾರಿ’ ನೋಡಿ, ರಾತ್ರಿ 1967ರ ‘ಬೆಳ್ಳಿಮೋಡ’ ಹಾಕಿದರೆ ನಟಿ ಒಂದೇ ದಿನದಲ್ಲಿ ಒಂಬತ್ತು ವರ್ಷ ಚಿಕ್ಕವರಾಗುತ್ತಾರೆ. ಹೀಗೆ ಹಿಂದುಮುಂದಾಗಿ ನೋಡಿದಾಗ ಚಿತ್ರಮಂದಿರದಲ್ಲಿ ಕಾಣದ ಒಂದು ಮಾತು ಹೊಳೆಯುತ್ತದೆ. ಅತಿನಾಟಕೀಯತೆ ಕಲ್ಪನಾ ಅವರ ಮೇಲೆ ಹಳೆಯ ಆರೋಪ. ಕೊನೆಯ ವರ್ಷಗಳ ಚಿತ್ರಗಳಿಗೆ ಅದು ಒಂದು ಮಟ್ಟಿಗೆ ಸಲ್ಲುತ್ತದೆ. ಒಮ್ಮೆ ಜನ ಮೆಚ್ಚಿದ ಕಂಪನ, ಒಮ್ಮೆ ಗೆದ್ದ ನೋಟ ಪಾತ್ರ ಬೇಡದಿದ್ದರೂ ಮರಳಿ ಬರುತ್ತವೆ. ಆದರೆ ಆರಂಭದ ಚಿತ್ರಗಳ ಕಲ್ಪನಾ ಮಿತಭಾಷಿ. ‘ಬೆಳ್ಳಿಮೋಡ’ದ ಮೊದಲರ್ಧದಲ್ಲಿ ಅವರು ನಗುವ ರೀತಿಯಲ್ಲಿ ಒಂದಿಷ್ಟೂ ಶ್ರಮವಿಲ್ಲ.

‘ಎರಡು ಕನಸು’ (1974) ಇದಕ್ಕೆ ಮತ್ತೊಂದು ಸಾಕ್ಷಿ. ವಾಣಿಯವರ ಕಾದಂಬರಿಯನ್ನು ದೊರೆ–ಭಗವಾನ್ ತೆರೆಗೆ ತಂದಾಗ ಕಲ್ಪನಾ ಅವರ ಪಾಲಿಗೆ ಬಂದದ್ದು ಗಂಡನ ಮನಸ್ಸಿನಲ್ಲಿ ಬೇರೊಬ್ಬಳಿರುವುದನ್ನು ಸಹಿಸಿ ಬಾಳುವ ಗೌರಿಯ ಪಾತ್ರ. ಎದುರಿಗೆ ರಾಜಕುಮಾರ್, ಪಕ್ಕದಲ್ಲಿ ಮಂಜುಳಾ. ಹಾಡುಗಳ ಜನಪ್ರಿಯತೆಯಲ್ಲಿ ಕಳೆದುಹೋಗಬಹುದಾಗಿದ್ದ ಪಾತ್ರ ಅದು. ಆದರೆ ಚಿತ್ರ ಮುಗಿದ ಮೇಲೆ ಕಾಡುವವಳು ಗೌರಿ. ಶ್ರೀರಂಗಪಟ್ಟಣದ ಲೇಖಕಿ ಸೃಷ್ಟಿಸಿದ ಈ ತಾಳ್ಮೆಯ ಹೆಣ್ಣನ್ನು ಕೇವಲ ಪತಿವ್ರತೆಯಾಗಿಸದೆ, ಒಳಗೊಳಗೇ ಲೆಕ್ಕವಿಡುವ ಹೆಂಡತಿಯಾಗಿ ಕಲ್ಪನಾ ಕಂಡರು. ಕಿಕ್ಕೇರಿಯ ನರಸಿಂಹಸ್ವಾಮಿಯವರ ದಾಂಪತ್ಯ ಕವಿತೆಗಳನ್ನು ಬಾಯಿಪಾಠ ಮಾಡಿಕೊಂಡ ಕೆ.ಆರ್. ಪೇಟೆಯ ಓದುಗರಿಗೆ ಈ ದಾಂಪತ್ಯ ಕೊಂಚ ಕಹಿಯೆನಿಸಿರಬಹುದು.

‘ಶರಪಂಜರ’ದ ಮಾತೇ ಬೇರೆ. ಬಾಣಂತನದ ನಂತರ ಮನೋರೋಗಕ್ಕೆ ತುತ್ತಾದ ಕಾವೇರಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಮನೆ ಅವಳನ್ನು ಒಪ್ಪುವುದಿಲ್ಲ. ಅವಳ ಪ್ರತಿ ನಗು, ಪ್ರತಿ ಮುನಿಸು ಹುಚ್ಚಿನ ಗುರುತಾಗುತ್ತದೆ. ಗಂಡ ಮತ್ತೊಬ್ಬಳತ್ತ ಸರಿದಿರುತ್ತಾನೆ. ಸುತ್ತಲಿನವರೆಲ್ಲ ಸೇರಿ ಗುಣವಾದವಳನ್ನು ಮತ್ತೆ ಆಸ್ಪತ್ರೆಗೆ ತಳ್ಳುತ್ತಾರೆ. ತ್ರಿವೇಣಿಯವರು ಇಟ್ಟ ಪ್ರಶ್ನೆ ರೋಗದ್ದಲ್ಲ, ರೋಗ ವಾಸಿಯಾದ ಮೇಲಿನದು. ಬಾಣಂತಿಯರ ಮನೋವೇದನೆಯನ್ನು ದೆವ್ವವೆಂದೋ ನಾಟಕವೆಂದೋ ತಳ್ಳಿಹಾಕುತ್ತಿದ್ದ ಎಷ್ಟೋ ಮನೆಗಳ ನಡುಮನೆಗೇ ಈ ಚಿತ್ರ ವಿಡಿಯೊ ಮೂಲಕ ಬಂದು ಕುಳಿತಿತು. ಟಾಕೀಸಿನ ಕತ್ತಲಲ್ಲಿ ಅತ್ತು ಮರೆಯಬಹುದಾಗಿದ್ದನ್ನು ಅತ್ತೆ, ನಾದಿನಿ, ಗಂಡನ ಜೊತೆ ದೀಪದ ಬೆಳಕಿನಲ್ಲಿ ನೋಡಬೇಕಾಯಿತು.

ಅದೇ ಪುಟ್ಟಣ್ಣ ಮತ್ತು ಕಲ್ಪನಾ ಒಟ್ಟಾಗಿ ದುಡಿದ ಕೊನೆಯ ಚಿತ್ರವೂ ಆಯಿತು. ಇಬ್ಬರ ನಡುವಿನ ಸಂಬಂಧ ಮುರಿದ ಬಗೆಯ ಕುರಿತು ಬಂದ ಬರಹಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ಊಹೆ. ತಿಳಿದಿರುವುದಿಷ್ಟು: ಆಮೇಲೆ ಪುಟ್ಟಣ್ಣನವರ ಚಿತ್ರಗಳಲ್ಲಿ ಆರತಿ, ಜಯಂತಿ ಬೆಳಗಿದರು. ಕಲ್ಪನಾ ಅವರಿಗೆ ಯಶಸ್ಸು ಬರುವುದು ನಿಲ್ಲಲಿಲ್ಲ. 1973ರಲ್ಲಿ ‘ಗಂಧದ ಗುಡಿ’, ಮರುವರ್ಷ ‘ಎರಡು ಕನಸು’, 1976ರಲ್ಲಿ ಅನಂತನಾಗ್ ಅವರೊಡನೆ ‘ಬಯಲು ದಾರಿ’. ಅವರ ಸೀರೆ, ರವಿಕೆಯ ತೋಳು, ದೊಡ್ಡ ಉಂಗುರಗಳನ್ನು ಕಾಲೇಜು ಹುಡುಗಿಯರು ಅನುಕರಿಸಿದರು. ‘ಮಿನುಗುತಾರೆ’ ಎಂಬುದು ಹೆಸರಿಗೆ ಅಂಟಿಕೊಂಡಿತು. ಆದರೆ ಆ ಹಿಂದಿನ ಪಾತ್ರಗಳು ಬರುವುದು ವಿರಳವಾಯಿತು. ದಶಕದ ಕೊನೆಗೆ ಅವರು ಗುಡಗೇರಿ ಬಸವರಾಜ ಅವರ ನಾಟಕ ಕಂಪನಿಯೊಂದಿಗೆ ಉತ್ತರ ಕರ್ನಾಟಕದ ಊರೂರು ಸುತ್ತಿದರು. ಸಿನಿಮಾ ನಟಿಯ ಪತನವೆಂಬಂತೆ ಇದನ್ನು ಬಣ್ಣಿಸುವುದು ವಾಡಿಕೆ. ಆದರೆ ವೃತ್ತಿರಂಗಭೂಮಿಯಿಂದಲೇ ಅರ್ಧ ಚಿತ್ರರಂಗ ಬಂದಿರುವ ಕನ್ನಡದಲ್ಲಿ ಆ ಮಾತಿಗೆ ಬೆಲೆ ಕೊಡಬೇಕಿಲ್ಲ.

1979ರ ಮೇ 12ರಂದು ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಸಮೀಪ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕಲ್ಪನಾ ನಿಧನರಾದರು. ವಯಸ್ಸು 35. ಅಂದಿನಿಂದ ಅವರ ಚಿತ್ರಗಳನ್ನು ನೋಡುವ ಬಗೆಯೇ ಬದಲಾಯಿತು. ‘ಗೆಜ್ಜೆಪೂಜೆ’ಯ ಚಂದ್ರೆಯ ಅಂತ್ಯದಲ್ಲಿ, ಕಾವೇರಿಯ ಕೊನೆಯ ದೃಶ್ಯದಲ್ಲಿ ಪ್ರೇಕ್ಷಕರು ನಟಿಯನ್ನೇ ಕಾಣತೊಡಗಿದರು. ಪಾತ್ರವೇ ಬದುಕಾಯಿತೆಂಬ ಮಾತು ಕೇಳಲು ಚೆನ್ನ. ಆದರೆ ಅದು ಆಕೆಯ ದುಡಿಮೆಗೆ ಮಾಡುವ ಅಪಚಾರ. ‘ಶರಪಂಜರ’ ತಯಾರಾದಾಗ ಕಲ್ಪನಾ ಕನ್ನಡದ ಅಗ್ರ ನಟಿಯಾಗಿದ್ದರು. ಕಾವೇರಿಯ ಒಡೆದ ಮನಸ್ಸನ್ನು ದೃಶ್ಯ ದೃಶ್ಯಕ್ಕೂ ಅಳೆದು ಕಟ್ಟಿದವರು ಅವರು. ಗುಣವಾಗಿ ಬಂದ ಕಾವೇರಿಯ ಶಾಂತ ನಡಿಗೆಯನ್ನೂ ರೋಗ ಮರುಕಳಿಸುವ ಮುನ್ನಿನ ಕಣ್ಣುಗಳನ್ನೂ ತಟ್ಟೆ ನಿಲ್ಲಿಸಿ, ಹಿಂದಕ್ಕೆ ಸರಿಸಿ ಎರಡನೆಯ ಬಾರಿ ನೋಡಿದವರಿಗೆ ಈ ಲೆಕ್ಕಾಚಾರ ಕಾಣುತ್ತದೆ. ಅದು ಅಭಿನಯ, ಆತ್ಮಕತೆಯಲ್ಲ.

ವಿ.ಸಿ.ಡಿ. ಅಂಗಡಿಗಳು ಮುಚ್ಚಿ ವರ್ಷಗಳಾದವು. ಈಗ ಅವರ ಪ್ರಸಿದ್ಧ ಚಿತ್ರಗಳು ಯೂಟ್ಯೂಬಿನಲ್ಲಿ ಮೊಬೈಲಿನ ಅಂಗೈಯಗಲದ ತೆರೆಗೆ ಬರುತ್ತವೆ. ಆದರೆ ಆರಂಭದ ವರ್ಷಗಳ ಕೆಲವು ಚಿತ್ರಗಳನ್ನು ಹುಡುಕುವುದು ಇಂದಿಗೂ ಕಷ್ಟ. ಸಿಕ್ಕವುಗಳಲ್ಲೂ ಹಲವು ಹಳೆಯ ಟೇಪಿನಿಂದ ಇಳಿಸಿದವು. ಅಂಚು ಕತ್ತರಿಸಿದ, ಮೂಲೆಯಲ್ಲಿ ಯಾವುದೋ ಮುದ್ರೆ ಬಿದ್ದ ಆ ಪ್ರತಿಗಳಲ್ಲಿ ಇಂದಿರೆ ಈಗಲೂ ಎಸ್ಟೇಟಿನ ದಾರಿಯಲ್ಲಿ ನಗುತ್ತ ಇಳಿದು ಬರುತ್ತಾಳೆ.