ಕಿಟಕಿಯಾಚೆಯ ಕೇಡಗಾಂವ್

ನಮ್ಮಲ್ಲಿ ಕಲಬುರಗಿ ಕಡೆಯವರು ರಜೆ ಸಿಕ್ಕೊಡನೆ ಕಲ್ಯಾಣ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವವರು. ಪುಣೆ ದಾಟಿ ದೌಂಡ್ ಬರುವ ಮೊದಲು ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣ ಸರಿದುಹೋಗುತ್ತದೆ. ಚಿಕ್ಕಂದಿನಿಂದ ಎಷ್ಟೋ ಸಲ ಆ ಹೆಸರು ಓದಿದ್ದೇನೆ. ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಅಲ್ಲಿ ಒಂದು ಊರನ್ನೇ ಕಟ್ಟಿದಳೆಂದು ಗೊತ್ತಾಗಿದ್ದು ಮಾತ್ರ ಮೂವತ್ತು ದಾಟಿದ ಮೇಲೆ.

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜಾತಿಯವರ ಸಿಟ್ಟು ಎದುರಿಸಿ ಕಾಡು ಸೇರಿದವರು. ರಮೆಗೆ ಆರು ತಿಂಗಳಾಗುವಷ್ಟರಲ್ಲಿ ಆ ಮನೆಯೂ ಹೋಯಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಸಂಸಾರ ಊರೂರು ಅಲೆಯಿತು. ದೇವಸ್ಥಾನಗಳಲ್ಲಿ ಪುರಾಣ ಹೇಳಿ ಹೊಟ್ಟೆ ಹೊರೆಯಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನ ಜೊತೆ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಸೇರಿದಾಗ ಅವರಿಗೆ ಇಪ್ಪತ್ತು ವರ್ಷ. ಅಲ್ಲಿನ ವಿದ್ವಾಂಸರು ಅವರ ಸಂಸ್ಕೃತ ಕೇಳಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು.

ಆಮೇಲಿನ ನಾಲ್ಕು ವರ್ಷ ಬಿರುಗಾಳಿಯಂತೆ. ಅಣ್ಣ ಹೋದ. ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸರನ್ನು ಜಾತಿ ಮೀರಿ ಮದುವೆಯಾದರು. 1882ರಲ್ಲಿ ಕಾಲರಾ ಅವರನ್ನೂ ಒಯ್ದಿತು. ಕೈಯಲ್ಲಿ ಪುಟ್ಟ ಮನೋರಮಾ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿ, 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯೇ ಕ್ರೈಸ್ತ ದೀಕ್ಷೆ ಪಡೆದರು.

ಇಲ್ಲಿ ಊರವರು ಕೆಂಡವಾದರು. ಅಲ್ಲಿ ಅವರು ಹೊಸ ಗುರುಗಳಿಗೂ ತಲೆಬಾಗಲಿಲ್ಲ ಎನ್ನುವುದು ನನಗೆ ಹೆಚ್ಚು ಮುಖ್ಯ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ಹೆಣ್ಣೊಬ್ಬಳು ಗಂಡುಹುಡುಗರಿಗೆ ಪಾಠ ಹೇಳಬಾರದೆಂದ ಬಿಷಪ್ಪರೊಡನೆ ವಾದಕ್ಕೆ ನಿಂತರು. ಮಾಂಸ ಮುಟ್ಟಲಿಲ್ಲ. ದೇವರಿಗೂ ತನಗೂ ನಡುವೆ ಅಪ್ಪಣೆ ಕೊಡುವವರು ಯಾರೂ ಬೇಡ ಎಂಬ ಹಟ ಅದು.

1886ರಲ್ಲಿ ಅಮೆರಿಕಕ್ಕೆ ಹೋದದ್ದು ದೂರದ ನೆಂಟಳೊಬ್ಬಳು ಡಾಕ್ಟರಾಗುವುದನ್ನು ನೋಡಲು. ಆ ನೆಂಟಳು ಬೇರೆ ಯಾರೂ ಅಲ್ಲ, ನಮ್ಮ ಕಲ್ಯಾಣ್‌ನಲ್ಲಿ ಬೆಳೆದ ಆನಂದಿಬಾಯಿ ಜೋಶಿ! ಅಲ್ಲಿ ಹಣ ಕೂಡಿಸಿಕೊಂಡು ಬಂದು 1889ರ ಮಾರ್ಚಿನಲ್ಲಿ ಮುಂಬಯಿಯ ಚೌಪಾಟಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ರಮಾಬಾಯಿ ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಇದೇ ದೊಡ್ಡ ಗದ್ದಲವಾಯಿತು. 'ಕೇಸರಿ' ಹರಿಹಾಯ್ದಿತು, ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಹಿಂದೆ ಸರಿದರು, ಎಷ್ಟೋ ಮನೆಯವರು ಹುಡುಗಿಯರನ್ನು ಕರೆದೊಯ್ದರು. ಬಾಗಿಲು ಮಾತ್ರ ಮುಚ್ಚಲಿಲ್ಲ.

1896-97ರ ಬರ ಬಂದಾಗ ಸ್ವತಃ ಮಧ್ಯಪ್ರಾಂತಕ್ಕೆ ಹೋದರು. ತಾನು ಒಮ್ಮೆ ಕಂಡ ಹಸಿವನ್ನೇ ಮತ್ತೆ ಕಂಡರು. ನೂರಾರು ಹುಡುಗಿಯರನ್ನು ಕರೆತಂದು ಕೇಡಗಾಂವ್‌ನ ಬಯಲಲ್ಲಿ ಇಳಿಸಿದರು. ಅದೇ ಮುಕ್ತಿ ಸದನ. ಬಾವಿ ತೋಡಿಸಿದರು, ಮಗ್ಗ, ಎಣ್ಣೆಗಾಣ, ಮುದ್ರಣಾಲಯ ಬಂದವು, ಕುರುಡು ಮಕ್ಕಳಿಗೆ ಬ್ರೈಲ್ ಪಾಠವೂ ನಡೆಯಿತು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರು ಸುಮಾರು ಎರಡು ಸಾವಿರ. ಹಸಿದ ಮಗುವಿಗೆ ಅನ್ನದ ಜೊತೆ ಧರ್ಮವನ್ನೂ ಕೊಟ್ಟರೆ ಅದು ಮಗುವಿನ ಆಯ್ಕೆಯೇ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆದರೆ ಆ ಬಯಲಿಗೆ ಬೇರೆ ಯಾರು ಬಂದಿದ್ದರು ಎಂಬ ಪ್ರಶ್ನೆಯೂ ಬಿಡುವುದಿಲ್ಲ.

1905ರ ಜನವರಿಯಲ್ಲಿ ಅವರು ಪ್ರಾರ್ಥನೆಯ ಗುಂಪು ಶುರು ಮಾಡಿದರು. ಎಪ್ಪತ್ತು ಮಂದಿಯಿಂದ ಹೊರಟದ್ದು 550ಕ್ಕೆ ಏರಿತು. ದಿನಕ್ಕೆ ಎರಡು ಸಲ ಸೇರುತ್ತಿದ್ದರು. ಜೂನ್ ಕೊನೆಯಲ್ಲಿ, ನಸುಕು ಹರಿಯುವ ಮೊದಲು, ಪ್ರಾರ್ಥಿಸುತ್ತಿದ್ದ ಒಬ್ಬ ಹುಡುಗಿಯ ಮೈಮೇಲೆ ಬೆಂಕಿ ಕಂಡಂತಾಗಿ ಇನ್ನೊಬ್ಬಳು ನೀರಿನ ಬಕೆಟ್ ತರಲು ಓಡಿದಳಂತೆ. ಐರೋಲಿಯ ಕಚೇರಿಯಲ್ಲಿ ದಿನವಿಡೀ ಕೋಡ್ ತಪ್ಪು ಹುಡುಕುವ ನಾನು ಇದಕ್ಕೆ ಏನು ಹೇಳಲಿ? ಬಕೆಟ್ ತರಲು ಓಡಿದವಳು ಮಾತ್ರ ನನಗೆ ತುಂಬ ಇಷ್ಟ. ಆಮೇಲೆ ನೂರಾರು ಹುಡುಗಿಯರು ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸಿದರು, ಅತ್ತರು, ಕುಣಿದರು. ಇದೆಂಥ ಅಶಿಸ್ತು ಎಂದು ಕೆಲವು ಮಿಷನರಿಗಳು ಮುಖ ಸಿಂಡರಿಸಿದರು. ರಮಾಬಾಯಿ ಹುಡುಗಿಯರ ಪರ ನಿಂತರು: ಭಾರತದ ಹೆಣ್ಣುಮಕ್ಕಳು ತಮ್ಮ ರೀತಿಯಲ್ಲೇ ದೇವರನ್ನು ಕೂಗಲಿ, ಪಶ್ಚಿಮದ ಶಿಸ್ತನ್ನು ಹೇರಬೇಡಿ ಎಂಬುದು ಅವರ ನಿಲುವು. ಒಂದು ಕಾಲಕ್ಕೆ ಮಾತೇ ಆಡಬಾರದಾಗಿದ್ದ ಬಾಲವಿಧವೆಯರು ತಂಡ ಕಟ್ಟಿಕೊಂಡು ಸುತ್ತಲ ಹಳ್ಳಿಗಳಿಗೆ ಉಪದೇಶಕ್ಕೆ ಹೊರಟರು. ಮುಕ್ತಿಯಲ್ಲಿದ್ದ ಮಿನ್ನಿ ಏಬ್ರಮ್ಸ್ ಬರೆದ ಪುಸ್ತಕದಿಂದ ಈ ಸುದ್ದಿ ದಕ್ಷಿಣ ಅಮೆರಿಕದ ಚಿಲಿಯವರೆಗೂ ಮುಟ್ಟಿತು.

ಕಲಬುರಗಿಯಲ್ಲೂ ಅವರ ಗುರುತಿದೆ. 1912ರ ಸುಮಾರಿಗೆ ಅಲ್ಲಿ ಶಾಲೆ ತೆರೆದರು, ಮನೋರಮಾ ಅದನ್ನು ನೋಡಿಕೊಂಡರು. ಆ ಊರಿನ ಮೊಮ್ಮಗಳಾದ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ವಯಸ್ಸಾದಂತೆ ಕಿವಿ ಮಂದವಾಯಿತು. ಹೀಬ್ರೂ, ಗ್ರೀಕ್ ಮೂಲ ನೋಡುತ್ತ ಬೈಬಲನ್ನು ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತರುವ ಕೆಲಸ ವರ್ಷಗಟ್ಟಲೆ ನಡೆಯಿತು. ಮುಕ್ತಿಯ ಹೆಂಗಸರೇ ಅದರ ಅಚ್ಚಿನ ಮೊಳೆ ಜೋಡಿಸಿದರು. 1921ರಲ್ಲಿ ಮನೋರಮಾ ತೀರಿಕೊಂಡಳು. ಮಗಳಿಲ್ಲದ ಮನೆಯಲ್ಲೂ ರಮಾಬಾಯಿ ಆ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು, ಅನುವಾದ ಮುಗಿಸಿದ ಸ್ವಲ್ಪ ದಿನಗಳಲ್ಲೇ, ಕೇಡಗಾಂವ್‌ನಲ್ಲಿ ಕಣ್ಣು ಮುಚ್ಚಿದರು.